ಮೋರೂಅಣ್ಣನ ಕೆನ್ನೆ

ಸಾಂಗಲಿಯ ಗಣಪತಿ ಪೇಠೆಯಲ್ಲಿದ್ದ ರಾಯಚಂದ ಶೇಟರ ಅಂಗಡಿಗೆ ಬ್ಲೇಡು ಕೊಳ್ಳಲು ಬಂದವರು ಬ್ಲೇಡಿನ ಜೊತೆಗೆ ಒಂದಿಷ್ಟು ಬೈಗುಳವನ್ನೂ ಪೊಟ್ಟಣ ಕಟ್ಟಿಸಿಕೊಂಡು ಹೋಗಬೇಕಾಗುತ್ತಿತ್ತು. ಕಟ್ಟಿಕೊಡುತ್ತಿದ್ದವನು ಮೋರೇಶ್ವರ ಲಿಮಯೆ, ಊರಿಗೆಲ್ಲ ಮೋರೂಅಣ್ಣ. ಅರವತ್ತರ ಅಂಚಿನ ಮನುಷ್ಯ. ಬಿಳಿ ಧೋತರ, ಕರಿ ಟೋಪಿ, ಬೆತ್ತದಂತೆ ನೆಟ್ಟಗಿನ ಬೆನ್ನು. ಸಿಟ್ಟು ಬಂದಾಗ ಮಾತ್ರ ಆ ಬೆನ್ನು ಸೊಂಟದ ಹತ್ತಿರ ಸಣ್ಣಗೆ ಬಳುಕಿ, ಕತ್ತು ಎಡಕ್ಕೆ ವಾಲಿ, ಹುಬ್ಬೊಂದು ಮೇಲೇರುತ್ತಿತ್ತು. ಹಳಬರು ಅದನ್ನು ನೋಡಲೆಂದೇ ಅವನನ್ನು ಕೆಣಕುತ್ತಿದ್ದರು. ಯಾಕೆಂದರೆ ಒಂದು ಕಾಲದಲ್ಲಿ ಮೋರೂಅಣ್ಣ ಶಾರದಾಮೋದ ಸಂಗೀತ ಮಂಡಳಿ ಎಂಬ ನಾಟಕ ಕಂಪನಿಯಲ್ಲಿ ಹೆಣ್ಣುವೇಷದ ನಾಯಿಕೆ. ಪುಣೆಯಿಂದ ಬೆಳಗಾವಿಯ ತನಕ ಅವನು ಸೀರೆ ಉಟ್ಟಂತೆ ಉಡಲು ಮನೆಯ ಹೆಂಗಸರು ಕನ್ನಡಿ ಮುಂದೆ ಹೆಣಗುತ್ತಿದ್ದರು.

ಅಂಗಡಿಯಲ್ಲಿ ಅವನ ಪಾಲಿಗೆ ಬಂದದ್ದು ಸಾಬೂನು, ಬ್ರಶ್ಶು, ಬ್ಲೇಡುಗಳ ಕಟ್ಟೆ. ಅವನ ಬೆನ್ನ ಹಿಂದೆ ಗಾಜಿನ ಕಪಾಟು. ಅದರ ತುಂಬ ಸ್ನೋ, ಪೌಡರು, ಬಣ್ಣಬಣ್ಣದ ನೀರಿನ ಬಾಟಲಿಗಳು. ಆ ಕಪಾಟಿನ ಕಡೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. ಯಾರಾದರೂ ಅಲ್ಲಿಂದ ಏನಾದರೂ ಕೇಳಿದರೆ ನರಕದ ಬಾಗಿಲು ತೆರೆದವನಂತೆ ಎರಡು ಬೆರಳಲ್ಲಿ ಗಾಜು ಸರಿಸುತ್ತಿದ್ದ.

ಒಂದು ದಿನ ನಗರಸಭೆಯ ಕಾರಕೂನ ಆಪಟೆ ಬಂದ. ಮೆತ್ತಗಿನ ಮನುಷ್ಯ.

"ಅಣ್ಣಾ, ದಾಡಿ ಮಾಡ್ಕೊಂಡ ಮ್ಯಾಲ ಮುಖ ಭಾಳ ಉರೀತದ. ಏನರೆ ಹಚ್ಚಲಿಕ್ಕೆ ಕೊಡ್ರಿ."

"ಉರೀತದ? ಉರೀಲಿ. ಅದರಿಂದರೆ ನಿನಗ ಒಂದು ಮುಖ ಅದ ಅಂತ ಗೊತ್ತಾಗಲಿ."

"ಹಂಗಲ್ಲ ಅಣ್ಣಾ, ಆಫೀಸಿನ್ಯಾಗ ಕೂತಾಗ ಕೆರಕೋಬೇಕು ಅನಸ್ತದ."

"ಆಫೀಸಿನ್ಯಾಗ ಮತ್ತೇನು ಕೆಲಸ ಅದ ನಿನಗ? ಕೆರಕೋ." ಮೋರೂಅಣ್ಣನ ಕತ್ತು ವಾಲಿತು. "ಈ ಮುಖ ನೋಡು. ದಿನಾ ಎರಡು ಸರ್ತಿ ಇದರ ಮ್ಯಾಲ ಕತ್ತಿ ಆಡೇದ. ಮುಂಜಾನೆ ಒಮ್ಮೆ, ಬಣ್ಣಕ್ಕ ಕೂಡೂಕಿಂತ ಮೊದಲ ಒಮ್ಮೆ. ನೀರು ಬಿಟ್ಟರ ಮತ್ತೇನೂ ಹಚ್ಚಿಲ್ಲ. ಮುಂದಿನ ಸಾಲಿನ್ಯಾಗ ಕೂತ ಸರದಾರರು ನನ್ನ ಗಲ್ಲ ನೋಡಿ ಉಸರು ಬಿಡೋದು ಮರೀತಿದ್ರು. ನೀರು! ಕೃಷ್ಣಾ ನದಿ ಊರ ಬಾಜೂಕ ಹರೀಲಿಕ್ಕೆ ಹತ್ತೇದ, ಈ ಗಂಡಸು ಬಾಟಲಿ ಕೇಳಲಿಕ್ಕೆ ಬಂದಾನ!"

ಆಪಟೆ ಆ ಮುಖವನ್ನು ನೋಡಿದ. ದೂರದಿಂದ ಚೆಂದದ ಮೂಗು, ಇನ್ನೂ ಮಿಂಚುವ ಕಣ್ಣು. ಹತ್ತಿರದಿಂದ ನೋಡಿದರೆ ಕೆನ್ನೆಗಳೆರಡೂ ಇಲಿ ಕಚ್ಚಿದ ಬೆಲ್ಲದಚ್ಚಿನಂತೆ ತಗ್ಗುದಿನ್ನೆ. ಗದ್ದದ ಕೆಳಗೆ ಹಂಚಿನ ತಳದಂಥ ಕಪ್ಪು ಕಲೆ. ಇದನ್ನು ಹೇಳುವ ಧೈರ್ಯ ಆಪಟೆಗಿರಲಿಲ್ಲ. ಪೇಠೆಯಲ್ಲಿ ಯಾರಿಗೂ ಇರಲಿಲ್ಲ. ಕೆನ್ನೆ ಹಾಳಾದದ್ದು ಹೇಗೆ ಎಂಬುದಕ್ಕೆ ಮೋರೂಅಣ್ಣನ ಹತ್ತಿರ ಸಿದ್ಧ ಉತ್ತರವಿತ್ತು: ಬಣ್ಣ ಹಚ್ಚುವ ಸಖಾರಾಮನೆಂಬ ಕಳ್ಳ, ದುಡ್ಡಿನಾಸೆಗೆ ಮುಖಕ್ಕೆ ಬಳಿಯುವ ಬಿಳಿ ಬಣ್ಣ ಸಫೇತದಲ್ಲಿ ಸುಣ್ಣ ಬೆರೆಸಿದ.

ಮೋರೂ ಮಂಡಳಿ ಸೇರಿದಾಗ ಮೀಸೆ ಮೂಡಿರಲಿಲ್ಲ. ಧ್ವನಿ ಒಡೆದ ಮೇಲೂ ಅದರ ಇಂಪು ಉಳಿಯಿತು, ಮೈ ಕೂಡ ತೆಳ್ಳಗೆ ಉಳಿಯಿತು. ಹೀಗಾಗಿ ಮಾಲೀಕರು ಅವನನ್ನು ಸೀರೆಯಿಂದ ಬಿಡಿಸಲೇ ಇಲ್ಲ. ಹೆಸರು ಏರಿದಂತೆಲ್ಲ ಅವನ ತಾತ್ಸಾರವೂ ಏರಿತು. ಜೊತೆಯಲ್ಲಿ ನಾಯಕನ ಪಾತ್ರ ಮಾಡುವವನ ಬಾಯಿ ಈರುಳ್ಳಿ ನಾರುತ್ತದೆ ಎಂದು ಪ್ರೇಮದ ಪದ ಹಾಡುವಾಗ ಮುಖ ತಿರುಗಿಸಿಕೊಂಡು ಹಾಡುತ್ತಿದ್ದ. ಪ್ರೇಕ್ಷಕರು ಅದನ್ನು ನಾಚಿಕೆ ಎಂದು ತಿಳಿದು ಇನ್ನೊಮ್ಮೆ, ಇನ್ನೊಮ್ಮೆ ಎಂದು ಕೂಗುತ್ತಿದ್ದರು. ಆ ಪ್ರೇಕ್ಷಕರ ಬಗ್ಗೆಯೂ ಅವನಿಗೆ ತಾತ್ಸಾರವೇ. ಶಾಲು ಹೊದಿಸಿದ ಜಮೀನುದಾರರನ್ನು ಹಿಂದಿನಿಂದ ಕೋಣಗಳೆನ್ನುತ್ತಿದ್ದ. ಬಣ್ಣ ಹಚ್ಚುವ ಸಖಾರಾಮ ಒಂದು ತಾಸು ಕೂತು ಅವನ ಮುಖದಲ್ಲಿ ಹೆಣ್ಣನ್ನು ಬರೆಯುತ್ತಿದ್ದ. ಅವನಿಗೆ ಸಿಗುತ್ತಿದ್ದ ಮರ್ಯಾದೆ ಗೋಡೆಗೆ ಸುಣ್ಣ ಬಳಿಯುವವನಿಗೆ ಸಿಗುವಷ್ಟೇ.

ಮೋರೂನ ಹೆಂಡತಿ ದ್ವಾರಕಾ ಕೂಡ ಮಂಡಳಿಯ ಜೊತೆ ಊರೂರು ತಿರುಗುತ್ತಿದ್ದಳು. ಮಂಡಳಿಯ ಅಡುಗೆಮನೆಯಲ್ಲಿ ಐವತ್ತು ಜನರ ಅನ್ನ ಬಸಿಯುವುದು, ಆಮಟಿ ಸಾರು ಕುದಿಸುವುದು, ಮೊಸರು ಕಡೆಯುವುದು ಅವಳ ಪಾಲು. ಮೋರೂಅಣ್ಣ ಹಳೆಯ ದಿನಗಳನ್ನು ಅಂಗಡಿಯಲ್ಲಿ ಎಷ್ಟೋ ಸಲ ಹೇಳಿದ್ದಾನೆ. ಗ್ಯಾಸ್ ದೀಪಗಳು, ಮಖಮಲ್ಲಿನ ಪರದೆ, ಆರ್ಗನ್ನು, ಎಲ್ಲ ಬರುತ್ತವೆ. ಆನೆ ಕೂಡ ಬರುತ್ತದೆ. ದ್ವಾರಕಾ ಮಾತ್ರ ಒಮ್ಮೆಯೂ ಬಂದಿಲ್ಲ.

ಅವಳನ್ನು ಅವನೇ ಮನೆಗೆ ಅಟ್ಟಿದ್ದು. ಯಾವುದೋ ಊರಿನ ಇನಾಮದಾರನೊಬ್ಬ ನಾಟಕ ಮುಗಿದ ಮೇಲೆ ಮಲ್ಲಿಗೆಯ ಹಾರ ಹಿಡಿದು ಒಳಗೆ ಬಂದ. ಅದೇ ಹೊತ್ತಿಗೆ ದ್ವಾರಕಾ ಮಸಿ ಮೆತ್ತಿದ ಕೈಯಲ್ಲಿ ಗಂಡನಿಗೆ ಹಾಲು ತಂದಿದ್ದಳು. "ಈಕಿ ಯಾರು?" ಎಂದು ಅವನು ಕೇಳಿದ. ಹೆಂಡತಿ ಎಂದು ಗೊತ್ತಾದಾಗ ಪೇಢೆಯಲ್ಲಿ ಹುಳ ಕಂಡವನಂತೆ ಮುಖ ಮಾಡಿ ಹಾರವನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಮರುದಿನವೇ ಮೋರೂ ಅವಳ ಟ್ರಂಕು ಕಟ್ಟಿಸಿದ.

"ನೀ ಇಲ್ಲೆ ಬೆವರು ಒರಸ್ಕೋತ ಓಡಾಡಿದರ ನನ್ನ ನಾಯಿಕೆ ಅಂತ ಯಾರು ನಂಬತಾರ? ನಡಿ ಊರಿಗೆ."

ದ್ವಾರಕಾ ಕಡೆಗೋಲನ್ನು ತೊಳೆದು, ಗೋಡೆಗೆ ಒರಗಿಸಿಟ್ಟು, ರೈಲು ಹತ್ತಿದಳು.

ಆ ವರ್ಷದ ಮಳೆಗಾಲ ಮುಗಿಯುವುದರೊಳಗೆ ಮೋರೂನ ಕೆನ್ನೆ ಒಡೆಯತೊಡಗಿತು. ಮೊದಲು ಕೆಂಪು ಗುಳ್ಳೆ. ಆಮೇಲೆ ಕತ್ತಿ ತಾಗಿದಲ್ಲೆಲ್ಲ ಕೀವು. ಪಟಿಕದ ಕಲ್ಲು ಉಜ್ಜಿದರೆ ಮೆಣಸಿನಪುಡಿ ತೂರಿದಂತೆ ಉರಿ. ಗುಳ್ಳೆಯ ಮೇಲೆ ಸಫೇತ ನಿಲ್ಲದೆ ಹಳೆಯ ಮನೆಯ ಗಿಲಾವಿನಂತೆ ಪದರು ಬಿಡುತ್ತಿತ್ತು. ಪ್ರೇಮದ ದೃಶ್ಯದಲ್ಲಿ ನಾಯಿಕೆಯ ಕೆನ್ನೆಯ ತುಣುಕೊಂದು ನಾಯಕನ ಪೇಟದ ಮೇಲೆ ಉದುರಿದ ರಾತ್ರಿ ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಮಾರನೆಯ ಬೆಳಿಗ್ಗೆ ಮೋರೂ ಇಡೀ ಮಂಡಳಿಯ ಎದುರು ಸಖಾರಾಮನ ಬಣ್ಣದ ಡಬ್ಬಿಯನ್ನು ಅಂಗಳಕ್ಕೆ ಎಸೆದ. ಕಳ್ಳ, ಸುಣ್ಣ ಬೆರೆಸುವವ, ಅನ್ನ ತಿಂದ ಮನೆಗೆ ದ್ರೋಹ ಬಗೆದವ ಎಂದು ಬಾಯಿಗೆ ಬಂದಂತೆ ಬೈದ. ಈ ಮನುಷ್ಯ ಇರಬೇಕು ಇಲ್ಲವೇ ತಾನಿರಬೇಕು ಎಂದು ಮಾಲೀಕರಿಗೆ ಹೇಳಿದ. ಹೆಸರಿದ್ದದ್ದು ನಾಯಿಕೆಗೆ, ಸಖಾರಾಮ ಹೋದ.

ಹೊಸಬ ಬಂದು ಹೊಸ ಬಣ್ಣ ತಂದ. ಕೆನ್ನೆ ಸುಧಾರಿಸಲಿಲ್ಲ. ಕೊನೆಗೆ ಮಾಲೀಕರು ಮುಂಬಯಿಯಿಂದ ನಿಜವಾದ ಹೆಣ್ಣನ್ನೇ ಕರೆತಂದು ನಾಯಿಕೆಯ ಪಾತ್ರ ಕೊಟ್ಟರು. ಮೋರೂಗೆ ಅತ್ತೆಯ ಪಾತ್ರ ಬಂತು. ಅದನ್ನು ಕೆಲವು ದಿನ ಮಾಡಿ, ಹೆಂಗಸರು ಬಂದ ರಂಗದ ಮೇಲೆ ನನ್ನಂಥವನಿಗೇನು ಕೆಲಸ ಎಂದು ಸಾಂಗಲಿಗೆ ಬಂದ. ಮೂಗು ಮೇಲೆತ್ತಿಕೊಂಡೇ ಬಂದ.

ಹೀಗೆ ವರ್ಷಗಳು ಕಳೆದವು. ಮಂಡಳಿ ಮುಳುಗಿತು, ಬ್ರಿಟಿಷರು ಹೋದರು, ಪೇಠೆಗೆ ಟ್ಯೂಬ್‌ಲೈಟು ಬಂತು. ಆಗೊಮ್ಮೆ ಮುಂಬಯಿಯಿಂದ ವಿಜಯಕರ್ ಎಂಬವನು ಚರ್ಮದ ಪೆಟ್ಟಿಗೆ ಹಿಡಿದು ಅಂಗಡಿಗೆ ಬಂದ. ಎಣ್ಣೆ ಹಚ್ಚಿ ಬಾಚಿದ ತಲೆ, ಇಸ್ತ್ರಿ ಮಾಡಿದ ನಗು. 'ಶೀತಬಿಂದು' ಎಂಬ ಹೊಸ ಲೋಷನ್ನಿನ ಮಾರಾಟದವನು. ದಾಡಿಯ ನಂತರ ನಾಲ್ಕು ಹನಿ ಹಚ್ಚಿದರೆ ಸಾಕು, ಮುಖ ತಾವರೆಯಾಗುತ್ತದಂತೆ.

"ಅಣ್ಣಾಸಾಹೇಬ್, ನಮ್ಮ ಅಪ್ಪ ಇವತ್ತಿಗೂ ನಿಮ್ಮ ನಾಟಕಾ ನೆನಸ್ತಾರ," ಎಂದು ಅವನು ಕಾಲು ಮುಟ್ಟಲು ಬಗ್ಗಿದ. "ಒಂದು ವಿನಂತಿ ಅದ. ನಿಮ್ಮ ಹಳೇ ಫೋಟೋ, ಸೀರಿ ಉಟ್ಟದ್ದು, ಪೋಸ್ಟರ್ ಮ್ಯಾಲ ಹಾಕೋಣ. ಬಾಜೂಕ ಬಾಟಲಿ. ಕೆಳಗ ಬರಿಯೋಣ: ದಿನಾ ಎರಡು ಸರ್ತಿ ದಾಡಿ ಮಾಡಿದ ಗಲ್ಲ ಇದು!"

ಮೋರೂಅಣ್ಣ ಬಾಟಲಿಯ ಬಿರಡೆ ತೆಗೆದು ಮೂಸಿ, ಸತ್ತ ಹಲ್ಲಿ ಎತ್ತಿದವನಂತೆ ದೂರ ಇಟ್ಟ.

"ನಿಮ್ಮಪ್ಪಗ ನನ್ನ ನಮಸ್ಕಾರ ಹೇಳು. ಅಂಥಾ ರಸಿಕನ ಹೊಟ್ಟ್ಯಾಗ ನೀ ಹೆಂಗ ಹುಟ್ಟಿದಿ ಅಂತನೂ ಕೇಳು. ನಾ ಇದನ್ನ ಹಚ್ಚಿದ್ದೆ ಅಂತ ಸುಳ್ಳ ಹೇಳಬೇಕೇನು?"

"ಹಚ್ಚಿದ್ದೆ ಅಂತ ಎಲ್ಲೆ ಬರೀತೀವ್ರೀ? ಫೋಟೋ ಒಂದು ಕಡೆ, ಬಾಟಲಿ ಒಂದು ಕಡೆ. ಓದಾವ್ರು ತಾವ ತಿಳಕೋತಾರ."

"ಬುದ್ಧಿವಂತ ಕಳ್ಳ!" ಎಂದ ಮೋರೂಅಣ್ಣ.

ಆದರೂ ಫೋಟೋ ಎಂಬ ಮಾತು ಒಳಗೆಲ್ಲೋ ನಾಟಿತ್ತು. ಗೋಡೆಗೋಡೆಯ ಮೇಲೆ ತನ್ನ ಆ ಮುಖ, ಆ ಮೂಗುತಿ, ಆ ವಾರೆನೋಟ. ಎರಡು ದಿನ ಅದೇ ಗುಂಗಿನಲ್ಲಿ ಉಳಿದ. ಲೋಷನ್ನು ಬೇಡ, ಗೋಡೆ ಬೇಕು. ಇದು ಅವನ ತೊಡಕು. ಮೂರನೆಯ ದಿನ ತಾನೇ ಒಂದು ದಾರಿ ಹುಡುಕಿ ಶೇಟರ ಮುಂದೆ ವಿಜಯಕರ್‌ಗೆ ಸವಾಲು ಹಾಕಿದ. ಐತವಾರ ಎಲ್ಲರ ಎದುರು ಒಬ್ಬನ ದಾಡಿ ಆಗಲಿ. ಎಡಗೆನ್ನೆಗೆ ಶೀತಬಿಂದು, ಬಲಗೆನ್ನೆಗೆ ಕೃಷ್ಣೆಯ ನೀರು. ಎಡ ಗೆದ್ದರೆ ಫೋಟೋ ಕೊಡುತ್ತೇನೆ. ಬಲ ಗೆದ್ದರೆ ಫೋಟೋದ ಕೆಳಗೆ 'ಬರೇ ನೀರು' ಎಂದು ಬರೆಸಿ ನೀನೇ ಊರೆಲ್ಲ ಅಂಟಿಸಬೇಕು. ಎರಡರಲ್ಲೂ ಗೋಡೆ ತನ್ನದೇ ಎಂಬ ಲೆಕ್ಕ. ಶೇಟರಿಗೆ ಗಿರಾಕಿ ಕೂಡಿದರೆ ಸಾಕಾಗಿತ್ತು, ಒಪ್ಪಿದರು. ಹಿರಿಯ ಕಲಾವಿದನಿಗೊಂದು ಶಾಲು ಹೊದಿಸುವುದೂ ಆಗಲಿ ಎಂದರು. ಶಾಲು ಎಂದ ಮೇಲೆ ಹೆಂಡತಿಯೂ ಬರಬೇಕಲ್ಲ.

ಐತವಾರ ಬೆಳಿಗ್ಗೆ ಅಂಗಡಿಯ ಮುಂದೆ ಬೆಂಚು ಹಾಕಿ, ಭಡಂಗ ಎಂಬ ಖಾರದ ಚುರುಮುರಿಯ ಪರಾತ ಇಟ್ಟು, ಓಣಿಯ ಕ್ಷೌರದವನನ್ನು ಕರೆಸಿದರು. ಕುರ್ಚಿಯಲ್ಲಿ ಕೂರಲು ಒಪ್ಪಿದ ಬಕರಾ ಆಪಟೆ. ಮೂವತ್ತು ನಲವತ್ತು ಜನ ಚುರುಮುರಿ ಅಗಿಯುತ್ತ ನೋಡಿದರು. ದಾಡಿ ಆಯಿತು. ಎಡಕ್ಕೆ ವಿಜಯಕರ್ ತಾನೇ ಲೋಷನ್ ತಟ್ಟಿದ. ಆಪಟೆ "ಅಯ್ಯಯ್ಯಪ್ಪ" ಎಂದು ಕುರ್ಚಿಯಿಂದ ಅರ್ಧ ಎದ್ದ. ಬಲಕ್ಕೆ ಮೋರೂಅಣ್ಣ ತಂಬಿಗೆಯಿಂದ ನೀರು ಚಿಮುಕಿಸಿದ. ತೀರ್ಥ ಕೊಡುವವನ ಗತ್ತು.

ಆಮೇಲೆ ಎಲ್ಲರೂ ಕಾದರು. ಆಪಟೆಯ ಎಡಗೆನ್ನೆ ಮೊದಲು ತಣ್ಣಗಾಯಿತಂತೆ, ಆಮೇಲೆ ಬೇಯಿಸಿದ ಗಜ್ಜರಿಯಂತೆ ಕೆಂಪಾಯಿತು. ಬಲಗೆನ್ನೆ ಮೊದಲು ಚೆನ್ನಾಗಿಯೇ ಇತ್ತು. ಬಿಸಿಲು ಏರಿ ನೀರು ಆರಿದಂತೆ ಬಿಗಿದುಕೊಂಡು, ಬೂದಿ ಬಳಿದಂತೆ ಬೆಳ್ಳಗೆ ಒಡೆಯಿತು. ಆಪಟೆ ಎರಡೂ ಕೈ ಎತ್ತಿ ಎರಡೂ ಕಡೆ ಕೆರೆದುಕೊಳ್ಳತೊಡಗಿದ.

"ಅಣ್ಣಾ ಸೋತ, ಮುಂಬೈನೂ ಸೋತಿತು," ಎಂದು ಹಿಂದಿನಿಂದ ಯಾರೋ ಕೂಗಿದರು. "ಗೆದ್ದದ್ದು ತುರಿಕಿ!"

ನಗೆ ಎದ್ದಿತು. ಮೋರೂಅಣ್ಣ ಹೆಗಲ ಮೇಲಿನ ಶಾಲು ಸರಿಪಡಿಸಿಕೊಂಡು ಎದ್ದು ನಿಂತ. "ಇವನದು ಕಾರಕೂನನ ಚರ್ಮ. ಅದಕ್ಕ ನದಿ ಏನು ಮಾಡೀತು? ಚರ್ಮ ಅನ್ನೋದು ಹುಟ್ಟಿನಿಂದ ಬರಬೇಕು. ನನ್ನದು ನೀರಿನ ಮ್ಯಾಲ ಬಾಳಿದ ಚರ್ಮ. ಆ ಹರಾಮಖೋರ ಸಖಾರಾಮ ಸುಣ್ಣ ಬೆರಸಲಿಲ್ಲ ಅಂದಿದ್ದರ..."

ಸೋಲನ್ನು ಹಂಚಿಕೊಳ್ಳಲು ವಿಜಯಕರ್‌ಗೆ ಇಷ್ಟವಿರಲಿಲ್ಲ. ಬಾಗಿಲ ಹತ್ತಿರ ಸೆರಗು ಹೊದ್ದು ಕೂತಿದ್ದ ದ್ವಾರಕಾಳ ಕಡೆ ತಿರುಗಿ ಕೈ ಮುಗಿದ.

"ವೈನಿ, ನೀವು ಹೇಳ್ರಿ. ನಿಮ್ಮಷ್ಟು ಹತ್ತಿರದಿಂದ ಯಾರು ನೋಡ್ಯಾರ? ಅಣ್ಣಾಸಾಹೇಬ್ರು ಖರೇನ ಬರೇ ನೀರು ಹಾಕತಿದ್ರೇನು?"

ದ್ವಾರಕಾ ಗಂಡನನ್ನು ನೋಡಲಿಲ್ಲ. ಭಡಂಗದಲ್ಲಿದ್ದ ಸುಟ್ಟ ಶೇಂಗಾ ಒಂದನ್ನು ಆರಿಸಿ ಪಕ್ಕಕ್ಕಿಟ್ಟಳು.

"ನೀರು ಇವರು ಹಾಕತಿದ್ರು. ಬೆಣ್ಣಿ ನಾ ಹಚ್ಚತಿದ್ದೆ."

ಮುಂದೆ ಕೂತವರು ಬೆಂಚನ್ನು ಅವಳ ಕಡೆಗೆ ಎಳೆದುಕೊಂಡರು.

"ನಾಟಕಾ ಮುಗ್ಯೂದರಾಗ ಬೆಳಗ ಆಗತಿತ್ತು. ಸಖಾರಾಮಭಾವು ಕೊಬ್ಬರಿ ಎಣ್ಣಿಲೆ ಬಣ್ಣ ತಗೀತಿದ್ರು. ಇವರು ಬಂದು ಹೆಣಧಂಗ ಬೀಳತಿದ್ರು. ನಾ ಮೊಸರು ಕಡದು, ಹಸೀ ಬೆಣ್ಣಿ ನೀರಾಗ ತೊಳದು ತೊಳದು, ಇವರ ಗಲ್ಲಕ್ಕ ತಿಕ್ಕತಿದ್ದೆ. ಜಿಡ್ಡು ಒಳಗ ಇಳ್ಯೂ ತನಕಾ. ಗುಳ್ಳಿ ಎದ್ದಿದ್ದರ ಜಾಜಿಕಾಯಿ ತೇದು ಹಚ್ಚತಿದ್ದೆ. ಬೆಣ್ಣಿ ಕಮ್ಮಿ ಇದ್ದ ದಿನ ಊಟಕ್ಕ ಕೂತವರಿಗೆ ಕಮ್ಮಿ ಬಡಸ್ತಿದ್ದೆ, ಇವರ ಗಲ್ಲಕ್ಕ ಕಮ್ಮಿ ಮಾಡಲಿಲ್ಲ."

ಮೋರೂಅಣ್ಣನ ಹುಬ್ಬು ಮೇಲೇರಿತು. ಕತ್ತು ವಾಲಲಿಲ್ಲ.

"ಅದೇನು ಹಚ್ಚೋದು ಅನ್ನಸ್ಕೋತದೇನ? ಮನಿಯಾಗಿನ ಬೆಣ್ಣಿ! ಅದನ್ನೂ ಲೆಕ್ಕಕ್ಕ ಹಿಡದರ ಸ್ನಾನಾನೂ ಔಷಧಾನ ಆದೀತು!"

"ಹಿಡೀಬ್ಯಾಡ್ರಿ," ಎಂದಳು ದ್ವಾರಕಾ. "ನೀವು ಯಾವಾಗರೆ ಹಿಡದೀರೇನು?"

"ಅಂದ್ರ ವೈನಿ, ಏನರೆ ಹಚ್ಚಬೇಕು ಅಂತ ಆತಲ್ಲ!" ವಿಜಯಕರ್ ಬಾಟಲಿ ಎತ್ತಿ ಹಿಡಿದ. "ಬೆಣ್ಣಿ ಕೆಲಸಾನ ಇದು ಮಾಡ್ತದ."

"ಇದು ಗಾಯಾ ತೊಳಿಯೂ ಸ್ಪಿರಿಟ್ಟಿನ ವಾಸನಿ ಬರತದ. ಮೊದಲ ಆ ಆಪಟೆಯವರ ಗಲ್ಲಕ್ಕ ಒಂಚೂರು ತುಪ್ಪರೆ ಹಚ್ಚರಿ, ಕೆರಕೊಂಡು ಸಾಯಲಿಕ್ಕೆ ಹತ್ಯಾರ."

ಜನ ಈಗ ಗಟ್ಟಿಯಾಗಿ ನಕ್ಕರು. ನಗು ಇಳಿಯುವಷ್ಟರಲ್ಲಿ ಹಿಂದೆ ನಿಂತಿದ್ದ ಒಬ್ಬ ಮುದುಕ, ಕೆಟ್ಟ ಉದ್ದೇಶವೇನೂ ಇಲ್ಲದೆ, ಕೇಳಿಯೇಬಿಟ್ಟ: "ಹಂಗಾದರ ಆಮ್ಯಾಲ ಗಲ್ಲ ಹಿಂಗ್ಯಾಕ ಆದವು, ವೈನಿ?"

"ನನ್ನ ಊರಿಗೆ ಕಳಿಸಿದ್ರು," ಎಂದಳು ಅವಳು.

ಆ ಕ್ಷಣಕ್ಕೆ ಎಲ್ಲರ ಕಣ್ಣೂ ಮೋರೂಅಣ್ಣನ ಕೆನ್ನೆಗೆ ಹೋದವು. ಎಷ್ಟೋ ವರ್ಷ ಸಾವಿರಾರು ಕಣ್ಣು ಬಿದ್ದ ಕೆನ್ನೆ ಅದು. ಇವತ್ತು ನಲವತ್ತು ಜನರ ನೋಟಕ್ಕೆ ಅವನು ಶಾಲಿನ ಅಂಚನ್ನು ಬಾಯಿಗೆ ಅಡ್ಡ ಹಿಡಿದ, ಥೇಟ್ ನಾಯಿಕೆಯ ಹಾಗೆ. ಅದಕ್ಕೂ ಜನ ನಕ್ಕರು.

ಮನೆಗೆ ಬಂದವನೇ ಶಾಲನ್ನು ಜೋಕಾಲಿಯ ಮೇಲೆ ಎಸೆದು ಕೂಗಾಡಿದ. ಓಣಿಗೆಲ್ಲ ಕೇಳುವಂತೆ ಮಾನ ಕಳೆದಳು ಎಂದ, ಮುಂಬಯಿಯ ಪೋರನ ಜೊತೆ ಸೇರಿಕೊಂಡಳು ಎಂದ. ದ್ವಾರಕಾ ಕುಕ್ಕರಗಾಲಲ್ಲಿ ಕೂತು ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು. ಅವನ ಕೂಗು ತಾನಾಗಿ ಬತ್ತುವ ತನಕ ಬಿಡಿಸಿದಳು.

ಕೊನೆಗೆ ಅವನು ಸಣ್ಣ ಧ್ವನಿಯಲ್ಲಿ ಕೇಳಿದ: "ನಿನಗ ಗೊತ್ತಿತ್ತೇನು? ಬೆಣ್ಣಿ ತಪ್ಪಿದ್ದಕ್ಕ ಹಿಂಗ ಆಗೇದ ಅಂತ?"

"ಹ್ಞೂಂ. ರಜಾಕ್ಕ ಮೊದಲನೇ ಸರ್ತಿ ಬಂದಾಗನ ನೋಡಿದೆ."

"ಮತ್ತ ಯಾಕ ಹೇಳಲಿಲ್ಲ?"

"ನೀವು ಬಂದವರ ಸಖಾರಾಮಭಾವುನ್ನ ಬೈಲಿಕ್ಕೆ ಹತ್ತಿದ್ರಿ. ನಡುವ ಬಾಯಿ ಹಾಕೋದು ಬ್ಯಾಡ ಅನಿಸ್ತು." ಬೇರು ಕಿತ್ತು ಒಗೆದಳು. "ಖರೇ ಹೇಳಬೇಕಂದ್ರ, ಹೇಳಬಾರದು ಅನಿಸ್ತು."

"ಅಷ್ಟ ವರ್ಷ ಮುತುವರ್ಜೀಲೆ ಹಚ್ಚಿದಾಕಿ..."

"ಅದು ನಿಮ್ಮ ಮುಖ ಅಂತ ಅಲ್ಲರಿ. ಅದು ನಮ್ಮ ಅನ್ನದ ಗಂಗಾಳ. ಗಂಗಾಳ ತಿಕ್ಕಿ ಇಡೋದು ಹೆಂಗಸರ ಕೆಲಸ, ತಿಕ್ಕಿದೆ. ನೀವು ಅದನ್ನೂ ಕಸಗೊಂಡು ನನ್ನ ರೈಲ್ ಹತ್ತಿಸಿದ್ರಿ."

ಎಲ್ಲರನ್ನೂ ಕೀಳಾಗಿ ಕಂಡು ಬದುಕಿದ ಮನುಷ್ಯನಿಗೆ ತನ್ನನ್ನು ಇಷ್ಟು ಕೀಳಾಗಿ, ಅದೂ ಇಷ್ಟು ಸಮಾಧಾನದಿಂದ ಕಂಡವರು ಮನೆಯೊಳಗೇ ಇದ್ದರೆಂಬುದು ಗೊತ್ತಿರಲಿಲ್ಲ. ಅವನು ಅವತ್ತು ಉಂಡನೋ ಇಲ್ಲವೋ, ಅವಳು ಬಡಿಸಿದ್ದಂತೂ ನಿಜ.

ಸಖಾರಾಮ ಮಿರಜೆಯಲ್ಲಿದ್ದಾನೆಂದು ಮೋರೂಅಣ್ಣನಿಗೆ ಹಿಂದಿನಿಂದಲೂ ಗೊತ್ತಿತ್ತು. ಸಾಂಗಲಿಯಿಂದ ಮಿರಜೆ ಎಷ್ಟು ದೂರ! ಆದರೂ ಆ ಕಡೆ ಕಾಲಿಟ್ಟಿರಲಿಲ್ಲ. ಆ ವಾರ ಒಂದು ದಿನ ಅಂಗಡಿಗೆ ಹೇಳದೆ ಬಸ್ಸು ಹತ್ತಿದ.

ಸಿತಾರು ಮಾಡುವವರ ಓಣಿಯಲ್ಲಿ ಒಂದು ಬಾಗಿಲ ಮುಂದೆ ಕುಂಬಳಕಾಯಿಯಂಥ ಒಣ ಬುರುಡೆಗಳನ್ನು ಸಾಲಾಗಿ ಇಟ್ಟಿದ್ದರು. ಒಳಗೆ ಮುದುಕನೊಬ್ಬ ಸಿತಾರಿನ ಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡು ಅರಿವೆಯಿಂದ ಮೆರುಗೆಣ್ಣೆ ತಿಕ್ಕುತ್ತಿದ್ದ. ಒಂದು ಕಾಲದಲ್ಲಿ ತನ್ನ ಕೆನ್ನೆಯ ಮೇಲೆ ಆಡಿದ ಬೆರಳುಗಳನ್ನು ಮೋರೂಅಣ್ಣ ಮುಖಕ್ಕಿಂತ ಮೊದಲು ಗುರುತಿಸಿದ.

"ಸಖಾರಾಮ, ನಾ ಮೋರೂ."

"ಕಾಣಸ್ತದ." ಬೆರಳು ನಿಲ್ಲಲಿಲ್ಲ.

"ನೀ ಸುಣ್ಣ ಬೆರಸಿರಲಿಲ್ಲ."

"ಇಲ್ಲ."

"ನನಗ ಗೊತ್ತಾದದ್ದು ಮೊನ್ನೆ."

"ನನಗ ಅವತ್ತ ಗೊತ್ತಿತ್ತು," ಎಂದ ಸಖಾರಾಮ. "ವೈನಿ ಹ್ವಾದ ಮ್ಯಾಲ ನಿನ್ನ ಗಲ್ಲ ಹರಕ ಚಾಪಿ ಆಗಲಿಕ್ಕೆ ಹತ್ತಿತು. ಬಣ್ಣ ಹಚ್ಚೋ ಕೈಗೆ ಗೊತ್ತಾಗೂದಿಲ್ಲೇನು? ಬೆಣ್ಣಿ ತರಸು, ಇಲ್ಲಾ ವೈನಿನ್ನ ಕರಸು ಅಂತ ಹೇಳಿದೆ. ನೀ ಏನಂದಿ, ನೆನಪದ ಏನು?"

ಮೋರೂಅಣ್ಣನಿಗೆ ನೆನಪಿರಲಿಲ್ಲ.

"ಬಣ್ಣ ಬಳಿಯೋವ ಬಣ್ಣ ಬಳಿ ಅಂದಿ." ಮುದುಕ ಬುರುಡೆಯನ್ನು ಬೆಳಕಿಗೆ ತಿರುಗಿಸಿ ನೋಡಿದ. "ಆಮ್ಯಾಲ ನಾ ನಾಲ್ಕ ಕಂಪನಿ ಬಾಗಿಲಿಗೆ ಹೋದೆ. ಸುಣ್ಣದ ಸಖಾರಾಮ ಅನ್ನೋ ಹೆಸರು ನನಗಿಂತ ಮೊದಲ ರೈಲ್ ಹತ್ತಿ ಆ ಊರಿಗೆ ಹೋಗಿರತಿತ್ತು. ಕಡೀಕ ಇಲ್ಲೆ ಬಂದು ಕೂತೆ. ಈ ಬುರುಡಿ ಬೈಯೂದಿಲ್ಲ. ಮೆರುಗು ಹಿಡದರ ಹಿಡೀತದ, ಇಲ್ಲಂದ್ರ ಇಲ್ಲ."

"ತಪ್ಪಾತು, ಸಖಾರಾಮ."

"ಆತಲ್ಲ."

ರಂಗದ ಮೇಲೆ ಮೋರೂ ಎಷ್ಟೋ ನಾಯಕರ ಕಾಲಿಗೆ ಎರಗಿದ್ದ. ಅವನು ಎರಗುವ ಚೆಲುವಿಗೇ ಚಪ್ಪಾಳೆ ಬೀಳುತ್ತಿತ್ತು. ಈಗ ಮೊಣಕಾಲು ಮಡಚಲು ಹೋಗಿ ಬಾಗಿಲ ಚೌಕಟ್ಟು ಹಿಡಿದುಕೊಳ್ಳಬೇಕಾಯಿತು. ಹೇಗೋ ಬಗ್ಗಿ, ಮೆರುಗೆಣ್ಣೆಯ ಕಲೆ ಬಿದ್ದ ಆ ಕಾಲನ್ನು ಮುಟ್ಟಿದ. ಸಖಾರಾಮ ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಎದ್ದೇಳು ಎಂದೂ ಅನ್ನಲಿಲ್ಲ.

"ಮುಗೀತೇನು? ಹಂಗಾದರ ಒಂದೀಟು ಬಾಜೂಕ ಸರಿ. ಬೆಳಕಿಗೆ ಅಡ್ಡ ನಿಂತಿ."

ವಾಪಸು ಬಂದ ಮರುದಿನದಿಂದ ಮೋರೂಅಣ್ಣ ದಾಡಿ ಮಾಡಿಕೊಳ್ಳುವುದನ್ನು ಬಿಟ್ಟ. ಯಾರಿಗೂ ಕಾರಣ ಹೇಳಲಿಲ್ಲ. ಮೊದಲ ವಾರ ಬೂದಿ ಉದುರಿದಂತಿತ್ತು, ಆಮೇಲೆ ಹಂದಿಯ ಕೂದಲಿನಂತೆ ನೆಟ್ಟಗೆ ನಿಂತಿತು. ಪೇಠೆಯವರಿಗೆ ಹಬ್ಬ. ನಾಯಿಕೆಗೆ ಗಡ್ಡ ಬಂತು ಎಂದು ಅಂಗಡಿಯ ಮುಂದೆ ಹಾಯುವಾಗ ಸೀಟಿ ಹೊಡೆದರು. ಬ್ಲೇಡು ಮಾರುವವನೇ ಗಡ್ಡ ಬಿಟ್ಟರೆ ಗಿರಾಕಿ ಏನೆಂದಾರು ಎಂದು ರಾಯಚಂದ ಶೇಟರು ಗೊಣಗಿ, ಅವನನ್ನು ಹಿಂದಿನ ಕಟ್ಟೆಗೆ, ಊದಿನಕಡ್ಡಿ ಕರ್ಪೂರಗಳ ನಡುವೆ ಕೂರಿಸಿದರು. ವಿಜಯಕರ್ ಬೇರೆ ಊರಿನಲ್ಲಿ ಬೇರೆ ಮುಖ ಹುಡುಕಿಕೊಂಡ. ಅವನ ಬಾಟಲಿಗಳಂತೂ ಚೆನ್ನಾಗಿಯೇ ಖರ್ಚಾದವು. ಉರಿದರೇನೇ ಕೆಲಸ ಮಾಡುತ್ತಿದೆ ಎಂದು ನಂಬುವ ಗಂಡಸರಿಗೆ ಸಾಂಗಲಿಯಲ್ಲಿ ಬರವಿರಲಿಲ್ಲ. ಆಪಟೆ ಮನೆಯಲ್ಲಿ ಗುಟ್ಟಾಗಿ ತುಪ್ಪ ಹಚ್ಚಿಕೊಳ್ಳುತ್ತಾನೆಂದೂ, ಆಫೀಸಿನಲ್ಲಿ ಅವನ ಕಡತಗಳಿಗೆ ಇರುವೆ ಮುತ್ತುತ್ತವೆಂದೂ ಮಾತಿತ್ತು.

ಎರಡು ತಿಂಗಳಲ್ಲಿ ಗಡ್ಡ ಬೆಳ್ಳಗೆ, ದಟ್ಟವಾಗಿ ತುಂಬಿ ಕೆನ್ನೆಯ ತಗ್ಗುಗಳನ್ನೆಲ್ಲ ಮುಚ್ಚಿತು. ಒಂದು ಸಂಜೆ ಮೋರೂಅಣ್ಣ ಜೋಕಾಲಿಯ ಮೇಲೆ ಕೂತು ಅದನ್ನು ಬೆರಳಲ್ಲಿ ಬಾಚಿಕೊಳ್ಳುತ್ತಿದ್ದಾಗ ದ್ವಾರಕಾ ದೀಪ ಹಚ್ಚಲು ಬಂದವಳು ನಿಂತು ಅವನನ್ನು ದಿಟ್ಟಿಸಿದಳು. ಅವಳು ಹೀಗೆ ತನ್ನ ಮುಖ ನೋಡಿ ಎಷ್ಟು ವರ್ಷವಾಯಿತೆಂದು ಅವನಿಗೆ ಹೊಳೆಯಲಿಲ್ಲ. ಏನಾದರೂ ಅನ್ನಲಿ ಎಂದು ಕಾದ.

"ಇಷ್ಟ ವರ್ಷಕ್ಕ ಗಂಡಸರ ಹಂಗ ಕಾಣಲಿಕ್ಕೆ ಹತ್ತೀರಿ," ಎಂದಳು. "ಒಳಗ ಹೆಂಗೋ ಏನೋ, ದೇವರಿಗೆ ಗೊತ್ತು. ಏಳ್ರಿ, ಜೋಕಾಲಿ ಕೆಳಗ ಕಸಾ ಹೊಡೀಬೇಕು."

ಅವನು ಎದ್ದು ಸರಿದು ನಿಂತ.